ಫ್ಲಾರೆನ್ಸ್‌ನ್ಯಾಗ ಉಳಿದಿದ್ದು ಹನ್ನೆರಡೇ ದಿನ, ಏನ್ ಮಾಡ್ಲಿ ಸರ್?

ಪ್ರಶ್ನೆ (ವಿದ್ಯಾರ್ಥಿನಿ, ಕೊಪ್ಪಳ):
ಸರ್ ನಮಸ್ಕಾರ್ರೀ. ನಾನು ಕೊಪ್ಪಳದಾಕಿ, ಆರ್ಕಿಟೆಕ್ಚರ್ ನಾಕನೇ ವರ್ಷ, ಎಕ್ಸ್‌ಚೇಂಜ್‌ನ್ಯಾಗ ಒಂದು ಸೆಮಿಸ್ಟರ್ ಇಟಲಿಯ ಫ್ಲಾರೆನ್ಸಿಗೆ ಬಂದೀನಿ. ಪರೀಕ್ಷಿ ಎಲ್ಲಾ ಕ್ರಿಸ್‌ಮಸ್ ಮುಂಚೇನೆ ಮುಗುದ್ವು, ಜನವರಿ 10ಕ್ಕ ಟಿಕೆಟ್ ಐತಿ, ಗವಿಮಠದ ಜಾತ್ರಿಗೆ ಮನ್ಯಾಗ ಇರಬೇಕಂತ ಅವ್ವ ಮೊದಲೇ ಹೇಳಿಬಿಟ್ಟಾಳ. ಕ್ಲಾಸಿನ ಹುಡುಗ್ಯಾರು ನಾಕು ದಿನ ಪ್ಯಾರಿಸ್ಸಿಗೆ ಹೊಂಟಾರ, ಬಾ ಬಾ ಅಂತಾರ, ನನಗೂ ಆಸಿ ಐತಿ ಆದ್ರ ಈ ಊರು ಬಿಟ್ಟು ಹೋಗ್ತೀನಲ್ಲ ಅನ್ನೂದು ನೆನಸ್ಕೊಂಡ್ರ ಎದಿ ಭಾರ ಆಗತೈತಿ, ಐದು ತಿಂಗಳು ಇದ್ದೆ ಖರೇ, ಬರೇ ಕಾಲೇಜು ರೂಮು ಅಂತ ಓಡಾಡಿದ್ದೇ ಆತು. ವೀಸಾ 8ನೇ ತಾರೀಖಿಗೆ ಮುಗೀತೈತಿ, ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಿದ ಪೋಸ್ಟ್ ಆಫೀಸಿನ ರಸೀದಿ ಅಷ್ಟೇ ಕೈಯಾಗ ಐತಿ, ಕಾರ್ಡ್ ಇನ್ನೂ ಬಂದಿಲ್ಲ. ಫ್ಲೈಟು ಫ್ರಾಂಕ್‌ಫರ್ಟ್ ಮ್ಯಾಲೆ ಐತಿ. ನೀವು ಆನೆಗೊಂದಿ ಕಡೆ ಹಳೇ ಕಟ್ಟಡದ ಕೆಲಸ ಮಾಡ್ತೀರಂತ ಗ್ರೂಪಿನ್ಯಾಗ ಓದಿದ್ದೆ, ಅದಕ್ಕ ಕೇಳಾಕತ್ತೀನಿ. ಈ ಹನ್ನೆರಡು ದಿನ ಹೆಂಗ ಕಳೀಲಿ?

ಉತ್ತರ (ಕನ್ಸರ್ವೇಶನ್ ಆರ್ಕಿಟೆಕ್ಟ್, ಗಂಗಾವತಿ):
ತಂಗಿ, ಮೊದಲು ಟಿಕೆಟ್ ಮಾತು, ಯಾಕಂದ್ರ ಇದು ಕೆಟ್ಟರ ಉಳಿದಿದ್ದೆಲ್ಲಾ ಕೆಡತೈತಿ. ವೀಸಾ ಮುಗಿದ ಮ್ಯಾಲೆ ಬರೇ ರಸೀದಿ ಇಟ್ಕೊಂಡು ಬ್ಯಾರೆ ಷೆಂಗೆನ್ ದೇಶದ (ಒಂದೇ ವೀಸಾದಾಗ ತಿರುಗೂ ಯುರೋಪಿನ ದೇಶಗಳು) ಮ್ಯಾಲೆ ಹಾದು ಬರಾಕ ಆಗೂದಿಲ್ಲ. ಫ್ರಾಂಕ್‌ಫರ್ಟ್ ಅಂದ್ರ ಜರ್ಮನಿ, ಅದೂ ಷೆಂಗೆನ್ನೇ. ಇವತ್ತೇ ನಿನ್ನ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿಗೆ ಮೇಲ್ ಹಾಕು, ಏರ್‌ಲೈನಿಗೂ ಫೋನ್ ಮಾಡು, ಆಗೂದಾದ್ರ ರೋಮಿನಿಂದ ದೋಹಾನೋ ದುಬೈನೋ ಮ್ಯಾಲೆ ಬರೂ ಟಿಕೆಟಿಗೆ ಬದಲಿಸ್ಕೊ. ಸ್ವಲ್ಪ ರೊಕ್ಕ ಹೋಗ್ತದ, ಹೋಗ್ಲಿ.

ಎರಡನೇದು ಕಾಗದ. ಅಲ್ಲಿ ಜನವರಿ 1 ರಜಾ, 6ಕ್ಕ ಎಪಿಫನಿ ಹಬ್ಬ, ಅದಕ್ಕೂ ರಜಾ. ನಡುವ ಆಫೀಸಿನ್ಯಾಗ ಯಾರೂ ಸರಿಯಾಗಿ ಸಿಗೂದಿಲ್ಲ. ಅಂದ್ರ ನಿನಗ ಖರೇವಂದ್ರೂ ಸಿಗೂದು 7, 8, 9 ಮೂರೇ ದಿನ. ಟ್ರಾನ್ಸ್‌ಕ್ರಿಪ್ಟು (ಅಂಕಪಟ್ಟಿ), ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೂ ಇಲ್ಲಿ ಓದ್ಯಾಳ ಅನ್ನೂ ಸರ್ಟಿಫಿಕೇಟು, ಯಾವ ವಿಷಯ ಓದೂದಂತ ಎರಡೂ ಕಾಲೇಜು ಒಪ್ಪಿದ ಲರ್ನಿಂಗ್ ಅಗ್ರಿಮೆಂಟಿನ ಕೊನೇ ಸಹಿ, ಇವು ಮೂರೂ ಬೇಕಂತ ಈಗಲೇ ಬರದು ಹಾಕಿಬಿಡು. ಟ್ರಾನ್ಸ್‌ಕ್ರಿಪ್ಟ್ ಆಮ್ಯಾಲೆ ಕಳಸ್ತೀವಿ ಅಂದ್ರ, ಯಾವ ಮೇಲಿಗೆ, ಯಾರು ಕಳಸ್ತಾರ ಅನ್ನೂದನ್ನರ ಬರಸ್ಕೊಂಡು ಬಾ. ನಮ್ಮ ಕಡೆ ಒಬ್ಬ ಹುಡುಗ ಹಂಗs ಬಂದ, ಒಂದು ಸಹಿ ಇಲ್ಲಂತ ಅವನ ಕಾಲೇಜಿನವರು ಆ ಸೆಮಿಸ್ಟರಿನ ಕ್ರೆಡಿಟ್ ಎಂಟು ತಿಂಗಳು ಹಿಡಿದಿಟ್ರು, ಇಲ್ಲಿಂದ ಎಷ್ಟು ಮೇಲ್ ಹಾಕಿದ್ರೂ ಉತ್ತರ ಇಲ್ಲ. ರೂಮಿನ ಅಡ್ವಾನ್ಸಿಗೆ ಕರೆಂಟು, ಗ್ಯಾಸು ಮೀಟರಿನ ಫೋಟೋ ತಗೊ, ಕೀಲಿ ಕೊಡೂವಾಗ ಒಂದು ಚೀಟಿ ಬರಸ್ಕೊ. ಇಷ್ಟೇ, ಇದಕ್ಕಿಂತ ಹೆಚ್ಚು ತಲಿ ಕೆಡಿಸ್ಕೊಬ್ಯಾಡ.

ಈಗ ಪ್ಯಾರಿಸ್. ವೀಸಾ ಇರೂದ್ರಾಗ ಹೋಗಿ ಬರಬಹುದು, ಆದ್ರ ನನ್ನ ಕೇಳಿದ್ರ ಹೋಗಬ್ಯಾಡ. ನಾನು ನಿನ್ನ ವಯಸ್ಸಿನ್ಯಾಗ ಹೊರಗ ಓದಾಕ ಹೋದಾಗ ಕೊನೇ ಎರಡು ವಾರದಾಗ ಆರು ಊರು ತಿರುಗಿದೆ, ಇವತ್ತು ಅವುಗಳ ಒಂದು ಬಾಗಲದ ಅಳತಿನೂ ನನ್ನ ಹತ್ರ ಇಲ್ಲ. ನೀನು ಇರೂ ಊರನ್ನs ಹೊಳಿ ಹಿಡಕೊಂಡು ನೋಡು. ನಾವು ತುಂಗಭದ್ರಾ ದಂಡಿ ಮಂದಿ, ಆರ್ನೋ ಹೊಳಿ ಏನು ಮಾಡೇತಿ ಅನ್ನೂದು ನಮಗ ಲಗೂ ತಿಳೀತೈತಿ.

ಸಾಂತಾ ತ್ರಿನಿತಾ ಬ್ರಿಜ್ಜಿಗೆ ಹೋಗು. ದಿನಾ ದಾಟಿರ್ತೀಯ, ಮಂದಿ ಅದರ ಮ್ಯಾಲೆ ನಿಂತು ಬಾಜೂದ ಹಳೇ ಬ್ರಿಜ್ಜು ಪೊಂತೆ ವೆಕ್ಕಿಯೋದ ಫೋಟೋ ತಗೋತಾರ, ಕಾಲ ಕೆಳಗಿಂದು ಯಾರೂ ನೋಡೂದಿಲ್ಲ. 1567ರಾಗ ಅಮ್ಮನ್ನಾತಿ ಅನ್ನಾಂವ ಅದನ್ನ ಕಟ್ಟಾಕ ಸುರು ಮಾಡಿದ. ಅದೇ ವರ್ಷ ವೆನಿಸಿನ ವ್ಯಾಪಾರಿ ಚೆಸಾರೆ ಫೆದೆರಿಚಿ ನಮ್ಮ ಹಾಳಾದ ವಿಜಯನಗರಕ್ಕ ಬಂದಿದ್ದ, ಯುದ್ಧ ಆಗಿ ಎರಡು ವರ್ಷ ಆಗಿತ್ತು, ಏಳು ತಿಂಗಳು ಅಲ್ಲೇ ಉಳಕೊಂಡ. 1944ರ ಆಗಸ್ಟ್‌ನ್ಯಾಗ ಜರ್ಮನ್ ಸೈನ್ಯ ಹಿಂದ ಸರಿಯೂವಾಗ ಪೊಂತೆ ವೆಕ್ಕಿಯೋ ಒಂದನ್ನ ಬಿಟ್ಟು ಊರಿನ ಎಲ್ಲಾ ಬ್ರಿಜ್ ಉಡಾಯಿಸಿತು. ಊರ ಮಂದಿ ಏನ್ ಮಾಡಿದ್ರು ಗೊತ್ತೇನು, ಹೊಳ್ಯಾಗ ಬಿದ್ದ ಕಲ್ಲು ಎತ್ತಿ ತಗದ್ರು, ಕಮ್ಮಿ ಬಿದ್ದಿದ್ದಕ್ಕ ಬೊಬೊಲಿ ತೋಟದ ಹಳೇ ಕಲ್ಲಿನ ಖಣಿ ತಿರುಗಿ ತೆರದ್ರು, 1958ಕ್ಕ ಮೊದಲಿನ ಆಕಾರದಾಗs ನಿಲ್ಲಿಸಿದ್ರು. ಬ್ರಿಜ್ಜಿನ ಮೂಲ್ಯಾಗ ನಿಂತ ವಸಂತ ಋತುವಿನ ಮೂರ್ತಿದು ತಲಿ ಮಾತ್ರ ಸಿಕ್ಕಿರಲಿಲ್ಲ, 1961ರಾಗ ಹೊಳಿ ತಳದಾಗ ಸಿಕ್ತು. ಆ ಮೂರ್ತಿ ಕುತ್ತಿಗಿ ನೋಡು, ಜೋಡಿಸಿದ ಗೆರಿ ಹುಡುಕು.

ನಮ್ಮಲ್ಲಿ ಉಲ್ಟಾ ಆತು. ತಳವಾರಘಟ್ಟದ ಹತ್ರ ಹೊಸ ಬ್ರಿಜ್ ಕಟ್ಟಾಕ ಹೋಗಿ 1999ರಾಗ ಹಂಪಿ ಯುನೆಸ್ಕೋದ ಅಪಾಯದ ಪಟ್ಟಿಗೆ ಬಿತ್ತು, 2006ಕ್ಕ ಹೊರಗ ಬಂತು, 2009ರ ಜನವರಿದಾಗ ಆ ಬ್ರಿಜ್ಜs ಕುಸಿದು ಕೂಲಿ ಮಂದಿ ಸತ್ರು. ಅದನ್ನ ನೆನಸಿದ್ರ ನನಗ ಇವತ್ತಿಗೂ ಸಂಕಟ ಆಗತೈತಿ. ಅದಕ್ಕs ನಿನಗ ಹೇಳೂದು, ಮೂರು ದಿನ ಆ ಒಂದು ಬ್ರಿಜ್ಜಿಗೆ ಕೊಡು, ಬೆಳಿಗ್ಗೆ ಒಮ್ಮೆ, ಸಂಜಿಗೆ ಒಮ್ಮೆ, ಕೈಯಾರೆ ಚಿತ್ರ ಬರಿ.

ಪ್ರಶ್ನೆ (ಸದಸ್ಯರು, ರಾಯಚೂರು):
ಸರ್ ನಡುವ ಬಾಯಿ ಹಾಕ್ತೀನಿ ಕ್ಷಮಿಸ್ರಿ. ಹೊಳಿ ಅಂದ್ರಿ ಅದಕ್ಕ ಕೇಳಿದೆ. 2009ರ ಅಕ್ಟೋಬರ್ ನೆರಿ ಒಳಗ ನಮ್ಮೂರ ಗುಡಿ ಅರ್ಧ ಮುಳುಗಿತ್ತು, ಈಗ ಸುಣ್ಣ ಬಳದಾರ, ನೀರು ಎಲ್ಲಿಗೆ ಬಂದಿತ್ತು ಅಂತ ಹುಡುಗರಿಗೆ ತೋರಸಾಕ ಏನೂ ಇಲ್ಲ. ಅಲ್ಲಿಯವರು ಏನ್ ಮಾಡ್ತಾರ?

ಉತ್ತರ:
ಅಣ್ಣಾರ, ಭಾಳ ಚಲೋ ಕೇಳಿದ್ರಿ. ತಂಗಿ, ನೀನೂ ಓದು. ಸಾಂತಾ ಕ್ರೋಚೆ ಚರ್ಚಿನ ಹತ್ರ ಸಾನ್ ರೆಮಿಜಿಯೋ ಅಂತ ಒಂದು ಸಣ್ಣ ಓಣಿ ಐತಿ. ಅಲ್ಲಿ ಗ್ವಾಡಿ ಮ್ಯಾಲೆ ಎರಡು ಕಲ್ಲು ಅದಾವ. ಒಂದು 1333ರ ನೆರಿದು, ಕೈ ಬೆರಳು ಮಾಡಿ ನೀರಿನ ಗೆರಿ ತೋರಸತೈತಿ. ಅದರ ಮ್ಯಾಲಿನ ಕಲ್ಲು 1966ರದು. ಎರಡೂ ನೆರಿ ಬಂದಿದ್ದು ನವೆಂಬರ್ 4ಕ್ಕs. 1966ರಾಗ ಅಲ್ಲಿನ ನ್ಯಾಷನಲ್ ಲೈಬ್ರರಿದು ಲಕ್ಷಗಟ್ಟಲೆ ಪುಸ್ತಕ ಕೆಸರಿನ್ಯಾಗ ಹೋದ್ವು, ಎಲ್ಲೆಲ್ಲಿಂದನೋ ಹುಡುಗರು ಬಂದು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ತಗದ್ರು, ಅವರಿಗೆ ಕೆಸರಿನ ದೇವದೂತರು ಅಂತ ಹೆಸರು ಬಂತು. ಸಾಂತಾ ಕ್ರೋಚೆ ಒಳಗ ಚಿತ್ರಗಾರ ವಸಾರಿಯ ದೊಡ್ಡ ಚಿತ್ರ ಐತಿ, ಯೇಸುವಿನ ಕೊನೇ ಊಟದ್ದು, ಆ ನೆರಿಗೆ ಹಾಳಾಗಿ ಸರಿಮಾಡಿ ತಿರುಗಿ ಹಾಕೂದಕ್ಕ 50 ವರ್ಷ ಹಿಡೀತು, 2016ರಾಗ ಹಾಕಿದ್ರು. ನಿಮ್ಮೂರಾಗ ನೆರಿ ಕಂಡ ಹಿರೇರು ಇರೂತನಕ ಗುಡಿ ಗ್ವಾಡಿ ಮ್ಯಾಲೆ ಗೆರಿ ಹಾಕಸ್ರಿ, ಒಂದು ಕಲ್ಲು, ತಾರೀಖು, ಅಷ್ಟೇ ಸಾಕು.

ಪ್ರಶ್ನೆ (ವಿದ್ಯಾರ್ಥಿ, ಬಳ್ಳಾರಿ):
ಸರ್ ಅಲ್ಲಿ ಮಾರ್ಕ್ಸ್ 30ಕ್ಕ ಕೊಡ್ತಾರಂತಲ್ರೀ, ನಮ್ಮ ಕಾಲೇಜಿನವರು ಅದನ್ನ ನೂರಕ್ಕ ಹೆಂಗ ತಿರುಗಿಸ್ತಾರ? ಮುಂದಿನ ವರ್ಷ ನಾನೂ ಹೊಂಟೀನಿ.

ಉತ್ತರ:
18 ಬಂದ್ರ ಪಾಸು, 30 ಪೂರಾ, ಅದಕ್ಕೂ ಮ್ಯಾಲೆ ಗೌರವಕ್ಕ ಲೋದೆ ಅಂತ ಸೇರಸ್ತಾರ. ಕ್ಲರ್ಕು ಬರೇ ಭಾಗಿಸಿದ್ರ 18 ಅಂದ್ರ 60 ಆಗಿ ಕೂಡತೈತಿ, ಹಂಗಾಗಿ ಗ್ರೇಡಿನ ಅರ್ಥ ಹೇಳೂ ಹಾಳಿ ಟ್ರಾನ್ಸ್‌ಕ್ರಿಪ್ಟ್ ಜೋಡಿ ತಗೊಂಡು ಬಾ. ಪೂರಾ ಸೆಮಿಸ್ಟರಿಗೆ ಅಲ್ಲಿ 30 ಕ್ರೆಡಿಟ್. ನಿನ್ನ ಕಾಲೇಜಿನ್ಯಾಗ ಅದು ಎಷ್ಟಕ್ಕ ಸಮ ಅಂತ ಹೋಗೂದಕ್ಕಿಂತ ಮೊದಲೇ ಬರಸ್ಕೊಂಡು ಹೋಗು.

ಪ್ರಶ್ನೆ ಕೇಳಿದಾಕಿ, ಜನವರಿ 9:
ಸರ್, ಪ್ಯಾರಿಸ್ಸಿಗೆ ಹೋಗಲಿಲ್ಲ. ಟಿಕೆಟ್ ರೋಮ್, ದೋಹಾ ಮ್ಯಾಲೆ ಬದಲಾತು. ಮೂರೂ ಕಾಗದ ಬಂದ್ವು, ಟ್ರಾನ್ಸ್‌ಕ್ರಿಪ್ಟಿಗೆ ಮಾತ್ರ ನಿನ್ನೆ ಎರಡು ತಾಸು ಕೂತೆ. ಬ್ರಿಜ್ಜಿನ ಮ್ಯಾಲೆ ನಾಕು ದಿನ ಬರದೆ ಸರ್, ಥಂಡಿಗೆ ಬೆರಳು ಸೆಟದುಹೋಗ್ತಿದ್ವು. ಮೂರ್ತಿ ಕುತ್ತಿಗಿ ಗೆರಿ ಸಿಕ್ತು. ತಿಂಗಳ ಮೊದಲ ಐತವಾರ ಸರ್ಕಾರಿ ಮ್ಯೂಸಿಯಮ್ ಫ್ರೀ ಅಂತ ಗೊತ್ತಾಗಿ ಉಫಿಝಿಗೂ ಹೋಗಿ ಬಂದೆ. ಸಾನ್ ರೆಮಿಜಿಯೋ ಓಣಿಗೆ ನಮ್ಮ ಬಾಡಿಗಿ ಮನಿ ಒಡತಿ ಅಜ್ಜಿನ ಕರಕೊಂಡು ಹೋದೆ, ಇಷ್ಟು ತಿಂಗಳು ಬಾಡಿಗಿ ಬಿಟ್ರ ಏನೂ ಮಾತಾಡದಾಕಿ ಆ ಕಲ್ಲಿನ ಮುಂದ ನಿಂತು ಅಳಾಕತ್ತಿದ್ಲು. 1966ರಾಗ ಹದಿನೇಳು ವರ್ಷದಾಕಿ ಅಂತ, ಅವರಪ್ಪನ ಅಂಗಡಿಯೊಳಗಿನ ಕೆಸರು ತಿಂಗಳಗಟ್ಟಲೆ ಬಳದಾರ, ಕೆಸರಿನ್ಯಾಗ ಮನಿ ಬೆಚ್ಚಗ ಮಾಡೂ ಎಣ್ಣಿ ಕಲತು ಗ್ವಾಡಿ ಎಲ್ಲಾ ಕರ್ರಗ ಗೆರಿ ಬಿದ್ದಿದ್ವಂತ, ಆ ವಾಸನಿ ಇನ್ನೂ ಮೂಗಿನ್ಯಾಗ ಐತಿ ಅಂದ್ಲು. ನನ್ನ ಮೇಜಿನ ಮ್ಯಾಲೆ ಇದ್ದ ಕಿನ್ನಾಳದ ಗಿಣಿ ಗೊಂಬಿ ಆಕಿಗೆ ಕೊಟ್ಟೆ. ಬ್ಯಾರೆ ಏನೂ ಕೊಡಾಕ ಇರಲಿಲ್ಲ ನನ್ನ ಹತ್ರ. ನಾಳೆ ಬೆಳಿಗ್ಗೆ ರೋಮಿಗೆ ಟ್ರೇನು, ಬೆಂಗಳೂರಿಂದ ಹಂಪಿ ಎಕ್ಸ್‌ಪ್ರೆಸ್ಸಿಗೆ ಬರ್ತೀನಿ. ಚಿತ್ರದ ಪುಸ್ತಕ ಲಗೇಜಿಗೆ ಹಾಕಿಲ್ಲ, ಕೈಚೀಲದಾಗ ಐತಿ.

ಉತ್ತರ:
ಚಲೋ ಮಾಡಿದಿ ಯವ್ವಾ. ಜಾತ್ರಿ ಮುಗಿಸ್ಕೊಂಡು, ದಾಸೋಹದ ಪ್ರಸಾದ ಉಂಡು, ಒಂದು 30 ಮೀಟರ್ ಟೇಪು ತಗೊಂಡು ಆನೆಗೊಂದಿಗೆ ಬಾ. ಹೊಳಿ ಇಳದಿರತೈತಿ, ವಿಜಯನಗರ ಕಾಲದ ಬ್ರಿಜ್ಜಿನ ಕಲ್ಲುಗಂಬ ನೀರಿನ್ಯಾಗ ಇನ್ನೂ ನಿಂತಾವ. ರಾಯಚೂರಿನ ಅಣ್ಣಾರನ್ನೂ ಕರೀತೀನಿ.