ಮಕ್ಕಳೊಂದಿಗೆ ಜಾನಪದ ಲೋಕ: ಏನನ್ನು, ಹೇಗೆ ತೋರಿಸಬೇಕು?

ಪ್ರಶ್ನೆ
ನಮಸ್ಕಾರ. ಮೈಸೂರಿಗೆ ಹೋಗುವ ದಾರಿಯಲ್ಲಿ ರಾಮನಗರದ ಬಳಿಯ ಜನಪದ ವಸ್ತುಸಂಗ್ರಹಾಲಯವಾದ ಜಾನಪದ ಲೋಕದಲ್ಲಿ ಅರ್ಧ ದಿನ ಕಳೆಯುವ ಯೋಚನೆಯಿದೆ. ಮಕ್ಕಳಿಗೆ ಆರು ಮತ್ತು ಹತ್ತು ವರ್ಷ. ಇಬ್ಬರೂ ನೇಗಿಲನ್ನು ಚಿತ್ರದಲ್ಲಿ ಮಾತ್ರ ಕಂಡವರು. ಅವರಿಗೆ ಬೇಸರವಾಗದಂತೆ ತೋರಿಸುವುದು ಹೇಗೆ?

ಉತ್ತರ 1
ಎಲ್ಲವನ್ನೂ ತೋರಿಸುವ ಆಸೆಯನ್ನು ಮೊದಲು ಬಿಡಿ. ಜಾನಪದ ವಿದ್ವಾಂಸ ಎಚ್.ಎಲ್. ನಾಗೇಗೌಡರ ಕನಸಿನ ಫಲವಾದ ಆ ಸಂಗ್ರಹ ಅರ್ಧ ದಿನಕ್ಕೆ ಮುಗಿಯುವಂಥದ್ದಲ್ಲ. ರಾಗಿ ಹೊಲದಿಂದ ಅಡುಗೆಮನೆಗೆ ಬರುವ ದಾರಿಯೊಂದನ್ನೇ ಹಿಡಿದು, ನೇಗಿಲು, ಕೂರಿಗೆ, ಮೊರ, ಬೀಸುವ ಕಲ್ಲು ಇವನ್ನು ಮಕ್ಕಳೇ ಹುಡುಕಲಿ. ಕೂರಿಗೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ: ಮೇಲಿನ ಬಟ್ಟಲಿಗೆ ಕೈಯಿಂದ ಬಿಡುವ ಬೀಜ ಟೊಳ್ಳು ಬಿದಿರಿನ ಕೊಳವೆಗಳಲ್ಲಿ ಹಂಚಿಹೋಗಿ, ಏಕಕಾಲಕ್ಕೆ ಹಲವು ಸಾಲುಗಳಿಗೆ ಬೀಳುತ್ತದೆಂದು ತಿಳಿದಾಗ ಹತ್ತು ವರ್ಷದ ಮಗು ಬಗ್ಗಿ ನೋಡದೆ ಇರದು. ಧಾನ್ಯ ಅಳೆಯುವ ಪಾವು, ಸೇರು, ಕೊಳಗಗಳು ಕಂಡರೆ, ನಾಲ್ಕು ಪಾವಿಗೆ ಒಂದು ಸೇರು, 20 ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕವನ್ನು ಅವರಿಂದಲೇ ಮಾಡಿಸಿ. ಚಿಕ್ಕ ಮಗುವಿಗೆ ತೊಗಲುಗೊಂಬೆಯೇ ಸಾಕು. ಹದಮಾಡಿದ ತೊಗಲಿನ ಮೂಲಕ ಬೆಳಕು ಹಾಯ್ದಾಗಲೇ ಅದರ ಬಣ್ಣ ಅರಳುವುದು ಎಂಬುದನ್ನು ಮಾತ್ರ ಹೇಳಿ.

ಉತ್ತರ 2
ಮೇಲಿನ ಸಲಹೆ ಒಳ್ಳೆಯದೇ, ಆದರೆ ಲೆಕ್ಕ ಮಾಡಿಸಲು ಹೊರಟರೆ ಅದು ಶಾಲೆಯ ಇನ್ನೊಂದು ತರಗತಿಯಾದೀತು. ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ ಜೊತೆಗೆ ಕರೆದೊಯ್ಯಿರಿ. ರಾಗಿ ಬೀಸಿದವರು ಕಲ್ಲಿನ ಗೂಟ ಹಿಡಿಯುವ ಬಗೆಯನ್ನು ತೋರಿಸಿ, ನೆನಪಿರುವ ಪದವೊಂದನ್ನು ಹಾಡಿದರೆ, ಫಲಕದಲ್ಲಿ ಬರೆದದ್ದನ್ನು ನೀವು ಓದಿ ಹೇಳುವ ಅಗತ್ಯವೇ ಬೀಳುವುದಿಲ್ಲ. ಅಂದಹಾಗೆ, ಎಕ್ಸ್‌ಪ್ರೆಸ್‌ವೇಯಲ್ಲಿ ನೇರ ಹೋದರೆ ರಾಮನಗರ ಪಕ್ಕದಲ್ಲೇ ಉಳಿದುಬಿಡುತ್ತದೆ; ಹಳೆಯ ಹೆದ್ದಾರಿಯನ್ನು ಹಿಡಿಯಿರಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ನಮ್ಮ ಅತ್ತೆಯವರು ಮಂಡ್ಯದ ಕಡೆಯವರು, ಜೊತೆಗೆ ಬರಲು ಒಪ್ಪಿದ್ದಾರೆ. ಮಧ್ಯಾಹ್ನಕ್ಕೆ ಹತ್ತಿರದಲ್ಲಿ ಬೇರೇನಾದರೂ ಇದೆಯೇ?

ಉತ್ತರ 3
ಚನ್ನಪಟ್ಟಣ ಅಲ್ಲಿಂದ ಸಮೀಪ. ಅಂಗಡಿಯಲ್ಲಿ ಆಟಿಕೆ ಕೊಳ್ಳುವ ಮುನ್ನ, ಯಾವುದಾದರೂ ಕಾರ್ಯಾಗಾರದಲ್ಲಿ ಅನುಮತಿ ಕೇಳಿ ಚರಕಿ ಹಿಡಿಯುವುದನ್ನು, ಅಂದರೆ ಮರದ ತುಂಡನ್ನು ಯಂತ್ರದಲ್ಲಿ ತಿರುಗಿಸುತ್ತಾ ಕಡೆಯುವುದನ್ನು, ತೋರಿಸಿ. ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಜಾನಪದ ಲೋಕದ ವಾರದ ರಜೆ ಯಾವ ದಿನವೆಂದು ಹೊರಡುವ ಮೊದಲು ವಿಚಾರಿಸಿಕೊಳ್ಳಿ.