ಮೂರು ಜಿಲ್ಲೆಯ ಬೆಂಕಿ ಗಾಡಿಗೆ ಒಂದೇ ಡ್ರಿಲ್: ನಿವೃತ್ತ ಠಾಣಾಧಿಕಾರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಕಾರಟಗಿ, ಅಕ್ಕಿ ಗಿರಣಿ ಮಾಲೀಕರು): ಸರ್, ನಮಸ್ಕಾರ. ನೀವು ಅಗ್ನಿಶಾಮಕ ಠಾಣೆಯಲ್ಲಿ ಅಧಿಕಾರಿಯಾಗಿದ್ದವರು ಅಂತ ಗೊತ್ತಾಯ್ತು, ಅದಕ್ಕೇ ಕೇಳ್ತಿದ್ದೇನೆ. ಹೋದ ಬೇಸಿಗೆಯಲ್ಲಿ ನಮ್ಮ ಪಕ್ಕದ ಗಿರಣಿಯ ಹೊಟ್ಟಿನ ಶೆಡ್ಡಿಗೆ ಬೆಂಕಿ ಬಿತ್ತು. ಎರಡು ಗಾಡಿ ಬಂದವು. ಒಂದು ನಮ್ಮ ಜಿಲ್ಲೆಯದು, ಇನ್ನೊಂದು ಆಚೆ ಜಿಲ್ಲೆಯದು. ಹುಡುಗರು ಜೀವದ ಹಂಗು ತೊರೆದು ಕೆಲಸ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರು ಯಾರಿಗೆ ಹೇಳಬೇಕು ಅನ್ನೋದೇ ತಿಳಿಯಲಿಲ್ಲ. ಕೊನೆಗೆ ಎರಡೂ ಗಾಡಿಯ ನೀರು ಒಂದೇ ಹೊತ್ತಿಗೆ ಖಾಲಿ! ಇವರಿಗೆಲ್ಲ ಒಟ್ಟಿಗೆ ತರಬೇತಿ ಕೊಡೋಕೆ ಆಗಲ್ವಾ?

ಉತ್ತರ: ಆಗುತ್ತೆ. ಅಷ್ಟೇ ಅಲ್ಲ, ನಮ್ಮಲ್ಲಿ ಅದು ಸುಲಭ. ಇಡೀ ರಾಜ್ಯಕ್ಕೆ ಇಲಾಖೆ ಒಂದೇ. ಹೋಸ್ ಕಪ್ಲಿಂಗ್, ಅಂದರೆ ನೀರಿನ ಪೈಪು ಜೋಡಿಸುವ ತುದಿ, ಎಲ್ಲ ಕಡೆ 63 ಮಿಲಿಮೀಟರ್, ಸಿಂಧನೂರಿನ ಹೋಸು ಗಂಗಾವತಿಯ ಗಾಡಿಗೆ ತಕರಾರಿಲ್ಲದೆ ಕೂರುತ್ತೆ. ತೊಂದರೆ ಇರೋದು ಬೇರೆ ಕಡೆ. ಕರೆ ಬಂದಾಗ ಗಾಡಿ ಹೋಗೋದು ಯಾವುದು ಹತ್ತಿರವೋ ಅಲ್ಲಿಂದ. ಡ್ರಿಲ್ ನಡೆಯೋದು ಮಾತ್ರ ಜಿಲ್ಲೆಯ ಲೆಕ್ಕದಲ್ಲಿ. ಕಾರಟಗಿ, ಗಂಗಾವತಿ ಕೊಪ್ಪಳಕ್ಕೆ. ಸಿಂಧನೂರು ರಾಯಚೂರಿಗೆ. ಸಿರುಗುಪ್ಪ, ಕಂಪ್ಲಿ ಬಳ್ಳಾರಿಗೆ. ಭತ್ತದ ಗದ್ದೆಗೆ ಈ ಗಡಿ ಗೊತ್ತಿಲ್ಲ, ಬೆಂಕಿಗೂ ಗೊತ್ತಿಲ್ಲ.

ನೀರಿನ ವಿಷಯ ಹೇಳಿದಿರಲ್ಲ, ಅದನ್ನೇ ತಗೊಳ್ಳಿ. ಸಾಮಾನ್ಯ ವಾಟರ್ ಟೆಂಡರಿನಲ್ಲಿ, ಅಂದರೆ ನೀರಿನ ಬೆಂಕಿ ಗಾಡಿಯಲ್ಲಿ, 4500 ಲೀಟರ್ ಇರುತ್ತೆ. ಒಂದು ಬ್ರಾಂಚ್ (ಹೋಸಿನ ತುದಿಯ ನಳಿಕೆ) ನಿಮಿಷಕ್ಕೆ 450 ಲೀಟರ್ ಬಿಟ್ಟರೆ ಹತ್ತೇ ನಿಮಿಷ. ಎರಡೂ ಗಾಡಿ ಬೆಂಕಿಯ ಮುಂದೆ ನಿಂತು ನೀರು ಬಿಟ್ಟರೆ ನೀವು ನೋಡಿದ್ದೇ ಆಗೋದು. ಒಂದು ಗಾಡಿ ಬೆಂಕಿಯ ಹತ್ತಿರ ನಿಲ್ಲಬೇಕು, ಇನ್ನೊಂದು ನೀರಿನ ಮೂಲದಿಂದ ಅದಕ್ಕೆ ತಂದು ತುಂಬಬೇಕು. ಇದನ್ನ ಸ್ಥಳದಲ್ಲಿ ನಿಂತು ಚರ್ಚೆ ಮಾಡೋಕಾಗಲ್ಲ. ಮೊದಲೇ ಎರಡೂ ಠಾಣೆಯವರು ಕೂಡಿ ಮಾಡಿ ನೋಡಿರಬೇಕು.

ಇನ್ನೊಂದು, ಬಣವೆ ಮತ್ತು ಹೊಟ್ಟಿನ ಬೆಂಕಿ ಜಾಸ್ತಿ ಬೇಸಿಗೆಯಲ್ಲಿ. ಆಗ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡೋದೇ ನಿಂತಿರುತ್ತೆ. ಕಾಲುವೆ ತುಂಬಿ ಹರಿಯುವಾಗ ಡ್ರಿಲ್ ಮಾಡಿ ಖುಷಿಪಟ್ಟರೆ ಏನು ಪ್ರಯೋಜನ? ಯಾವ ಕೆರೆಗೆ ಗಾಡಿ ಇಳಿಯುತ್ತೆ, ಯಾರ ಕೃಷಿ ಹೊಂಡದಲ್ಲಿ ಏಪ್ರಿಲ್‌ನಲ್ಲೂ ನೀರಿರುತ್ತೆ, ಇದನ್ನ ಗುರುತು ಹಾಕಿಕೊಂಡು ಅಲ್ಲೇ ಸಕ್ಷನ್, ಅಂದರೆ ಗಾಡಿಯ ಪಂಪಿಗೆ ನೀರು ಎಳೆಯುವ ಪೈಪು, ಹಾಕಿ ನೋಡಬೇಕು. ನೀರಿನ ಮಟ್ಟ ಪಂಪಿಗಿಂತ ಏಳು ಮೀಟರ್‌ ಕೆಳಗಿದ್ದರೆ ಎಳೆಯೋದೇ ಕಷ್ಟ.

ಯಾರು ಹೇಳಬೇಕು ಅನ್ನೋದಕ್ಕೆ ನನ್ನ ಸಲಹೆ ಸರಳ. ಮೊದಲು ಬಂದ ಗಾಡಿಯ ಮುಖ್ಯಸ್ಥನೇ ಸ್ಥಳದ ಉಸ್ತುವಾರಿ. ಆಮೇಲೆ ಹಿರಿಯರು ಬಂದರೆ ಎದುರುಬದುರು ನಿಂತು, ಬಾಯಿಬಿಟ್ಟು ಹೇಳಿ ವಹಿಸಿಕೊಡಬೇಕು. ಅಲ್ಲಿವರೆಗೆ ಹಿರಿಯರೂ ಸುಮ್ನೆ ಆದೇಶ ಕೊಡಬಾರದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಕೊಟ್ಟ ಮಾರ್ಗಸೂಚಿಯ ತಿರುಳೂ ಇದೇ. ಒಬ್ಬನಿಗೆ ಒಬ್ಬನೇ ಮೇಲಧಿಕಾರಿ.

ಪ್ರಶ್ನೆ (ರಾಯಚೂರು ಜಿಲ್ಲೆ, ಸೇವೆಯಲ್ಲಿರುವ ಅಗ್ನಿಶಾಮಕ): ಸರ್, ನೀವು ಹೇಳೋದು ಸರಿ. ಆದರೆ ನಾವಿರೋದೇ ನಾಲ್ಕು ಜನ. ಡ್ರಿಲ್ಲಿಗೆ ಪಕ್ಕದ ತಾಲ್ಲೂಕಿಗೆ ಹೋದಾಗ ಇಲ್ಲಿ ಬೆಂಕಿ ಬಿದ್ದರೆ? ಜನ ನಮ್ಮನ್ನ ಬಿಡ್ತಾರಾ?

ಉತ್ತರ: ತಮ್ಮಾ, ಜಂಟಿ ತರಬೇತಿ ನಿಲ್ಲೋದೇ ಈ ಭಯಕ್ಕೆ. ಭಯ ಸರಿಯಾದದ್ದೇ. ಅದಕ್ಕೇ ದೊಡ್ಡ ಮೈದಾನದಲ್ಲಿ ಎಲ್ಲರನ್ನೂ ಕೂಡಿಸಿ, ಶಾಮಿಯಾನ ಹಾಕಿ ಮಾಡುವ ವರ್ಷದ ಪ್ರದರ್ಶನ ನನಗೆ ಅಷ್ಟು ಇಷ್ಟ ಇಲ್ಲ. ಏಪ್ರಿಲ್ 14ರಿಂದ 20ರವರೆಗಿನ ಅಗ್ನಿಶಾಮಕ ಸಪ್ತಾಹದಲ್ಲಿ ಜನರಿಗೆ ತೋರಿಸೋಕೆ ಅದು ಚೆನ್ನ. 1944ರ ಮುಂಬೈ ಡಾಕ್ ಸ್ಫೋಟದಲ್ಲಿ ಸತ್ತ ನಮ್ಮವರ ನೆನಪು ಅದು, ಮಾಡಲೇಬೇಕು. ತರಬೇತಿ ಅಂದರೆ ಅದಲ್ಲ.

ಅಕ್ಕಪಕ್ಕದ ಎರಡೇ ಠಾಣೆ ಜೋಡಿ ಮಾಡಿ. ತಿಂಗಳಿಗೆ ಒಂದು ಬೆಳಿಗ್ಗೆ ಸಾಕು. ಇಡೀ ತಂಡ ಹೋಗಬೇಡಿ. ಈ ಠಾಣೆಯಿಂದ ಇಬ್ಬರು ಆ ಠಾಣೆಗೆ, ಅಲ್ಲಿಂದ ಇಬ್ಬರು ಇಲ್ಲಿಗೆ. ಜನ ಅದಲುಬದಲಾಗ್ತಾರೆ, ಗಾಡಿ ಮತ್ತು ತಲೆಎಣಿಕೆ ಎರಡೂ ಕಡೆ ಹಾಗೇ ಉಳಿಯುತ್ತೆ. ಕರೆ ಬಂದರೆ ಬೇರೆ ಠಾಣೆಯವರನ್ನೇ ಹತ್ತಿಸಿಕೊಂಡು ಹೋಗಿ. ಅದಕ್ಕಿಂತ ಒಳ್ಳೆ ಡ್ರಿಲ್ ಯಾವುದಿದೆ? ಇದಕ್ಕೆ ಎರಡೂ ಜಿಲ್ಲಾ ಅಗ್ನಿಶಾಮಕ ಅಧಿಕಾರಿಗಳ ಬರಹದ ಒಪ್ಪಿಗೆ ಬೇಕು. ಬಾಯಿಮಾತಿನ ಮೇಲೆ ಮಾಡಬೇಡಿ, ನಾಳೆ ಯಾರಿಗಾದರೂ ಪೆಟ್ಟಾದರೆ ನೀನೇ ಒದ್ದಾಡಬೇಕಾಗುತ್ತೆ.

ಆ ಬೆಳಿಗ್ಗೆ ಏನು ಮಾಡಬೇಕು ಅಂದರೆ, ಮೊದಲ ಸಾಲಿಗೆ ನಾನು ಬಿಎ ಸೆಟ್, ಅಂದರೆ ಹೊಗೆಯಲ್ಲಿ ಉಸಿರಾಡೋಕೆ ಬೆನ್ನಿಗೆ ಹಾಕುವ ಗಾಳಿ ಸಿಲಿಂಡರ್, ಇಡ್ತೀನಿ. ಆರು ಲೀಟರಿನ ಸಿಲಿಂಡರ್ 300 ಬಾರ್ ಒತ್ತಡಕ್ಕೆ ತುಂಬಿದ್ದರೆ 1800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಅಂತ ಲೆಕ್ಕ ಹಾಕಿದರೆ 45 ನಿಮಿಷ. ಅದು ಕಾಗದದ ಲೆಕ್ಕ. ಹೊಗೆಯಲ್ಲಿ ಹತ್ತಿ ಬೇಲ್ ಎಳೆಯುವವನ ಉಸಿರಿಗೆ ಅರ್ಧ ಗಂಟೆ ಬಂದರೆ ಪುಣ್ಯ. ಗಾಳಿ ಮುಗಿಯುತ್ತಾ 55 ಬಾರ್ ಹತ್ತಿರ ಬಂದಾಗ ಸೆಟ್ಟಿನ ವಿಸಿಲ್ ಕೂಗುತ್ತೆ, ಅದು ಹೊರಡೋ ಹೊತ್ತಲ್ಲ, ಹೊರಗೆ ಬಂದಿರಬೇಕಾದ ಹೊತ್ತು. ಎರಡು ಠಾಣೆಯವರು ಬೇರೆಬೇರೆ ಬಾಗಿಲಿಂದ ಒಳಗೆ ಹೋದರೆ ಯಾರು ಒಳಗಿದ್ದಾರೆ ಅನ್ನೋದು ಯಾರಿಗೂ ಗೊತ್ತಿರಲ್ಲ. ಬಾಗಿಲಲ್ಲಿ ಒಂದೇ ಬೋರ್ಡ್, ಒಬ್ಬನೇ ಬರೆಯೋನು. ಹೆಸರು, ಬಾರ್, ಒಳಗೆ ಹೋದ ಹೊತ್ತು. ಎರಡೂ ಠಾಣೆಗೆ ಸೇರಿ.

ಪ್ರಶ್ನೆ (ಗಿಣಿಗೇರಾ, ಕಾರ್ಖಾನೆಯ ಸೇಫ್ಟಿ ವಿಭಾಗ): ನಮ್ಮದು ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ತೆಗೆದ ಕಬ್ಬಿಣ) ಘಟಕ. ಸರ್ಕಾರಿ ಠಾಣೆಯವರನ್ನ ನಮ್ಮ ಡ್ರಿಲ್ಲಿಗೆ ಕರೀಬಹುದಾ?

ಉತ್ತರ: ಕರೀಲೇಬೇಕು. ಹೊಟ್ಟಿನ ಬೆಂಕಿ ಆರಿಸಿ ರೂಢಿಯಾದ ಹುಡುಗ ನಿಮ್ಮಲ್ಲಿಗೆ ಬಂದು ಬಿಸಿ ಸ್ಪಾಂಜ್ ಐರನ್ ರಾಶಿಗೆ ನೀರು ಬಿಟ್ಟರೆ ಹೈಡ್ರೋಜನ್ ಹುಟ್ಟುತ್ತೆ. ಕಾದ ಕರಗಿದ ಲೋಹಕ್ಕೆ ನೀರು ಬಿದ್ದರೆ ಆವಿಯ ಸ್ಫೋಟ. ನಿಮ್ಮಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಎಲ್ಲಿ ನೀರು ಬಿಡಬಾರದು ಅನ್ನೋದನ್ನ ನಡೆದುಕೊಂಡೇ ತೋರಿಸಿ, ನಕ್ಷೆ ಕೈಗೆ ಕೊಟ್ಟು ಕಳಿಸಬೇಡಿ. 1989ರ ಅಪಾಯಕಾರಿ ರಾಸಾಯನಿಕ ನಿಯಮಗಳು ಅನ್ವಯವಾಗುವ ದೊಡ್ಡ ಅಪಾಯದ ಕಾರ್ಖಾನೆಗಳಿಗೆ ಒಳಗಿನ ಅಣಕು ಕಾರ್ಯಾಚರಣೆ ಆರು ತಿಂಗಳಿಗೊಮ್ಮೆ ಕಡ್ಡಾಯ. ಆ ದಿನಕ್ಕೇ ಬನ್ನಿ ಅಂತ ಎರಡು ಠಾಣೆಗೆ ಮೊದಲೇ ಪತ್ರ ಬರೆಯಿರಿ.

ಪ್ರಶ್ನೆ (ಕಂಪ್ಲಿ, ಪಂಚಾಯಿತಿ ಸದಸ್ಯೆ): ಅಣ್ಣಾ, ಗಂಗಾವತಿ ಜೊತೆ ನಮ್ಮ ಕಡೆಯವರ ಜೋಡಿ ಆಗುತ್ತಾ? ಹೊಳೆ ದಾಟಿದರೆ ಅವರೇ ಹತ್ತಿರ.

ಉತ್ತರ: ತಂಗೀ, ಬೇಸಿಗೆಗೆ ಒಳ್ಳೆ ಜೋಡಿ. ಮಳೆಗಾಲಕ್ಕೆ ಅಲ್ಲ. ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟಾಗ ಕಂಪ್ಲಿ ಸೇತುವೆಯೇ ಮುಳುಗುತ್ತೆ, ಅಲ್ವಾ? ಬೋಟು ಬೇಕಾಗೋದೂ ಆಗಲೇ. ಹಾಗಾಗಿ ಪ್ರವಾಹದ ಡ್ರಿಲ್ಲಿಗೆ ನಿಮ್ಮ ದಂಡೆಯಲ್ಲೇ ಇರುವ ಠಾಣೆಯನ್ನ ಜೋಡಿ ಮಾಡಿಕೊಳ್ಳಿ. 2019ರ ಆಗಸ್ಟಿನಲ್ಲಿ ಹಂಪಿ ಹತ್ತಿರದ ನಡುಗಡ್ಡೆ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನ ಹೆಲಿಕಾಪ್ಟರ್ ತಂದು ಎತ್ತಬೇಕಾಯ್ತು. ಊರಿನ ಈಜುಗಾರರನ್ನೂ ಹರಿಗೋಲು ಹಾಕುವವರನ್ನೂ ಆ ಡ್ರಿಲ್ಲಿಗೆ ಸೇರಿಸಿ, ಲೈಫ್ ಜಾಕೆಟ್ ಇಲ್ಲದೆ ಮಾತ್ರ ಯಾರನ್ನೂ ನೀರಿಗೆ ಇಳಿಸಬೇಡಿ.

ಕಾರಟಗಿ ಗಿರಣಿ ಮಾಲೀಕರು: ಸರ್, ಡ್ರಿಲ್ಲಿಗೆ ನಮ್ಮ ಗಿರಣಿಯನ್ನೇ ಕೊಡ್ತೀನಿ. ಯಾವಾಗ ಮಾಡಿದರೆ ಒಳ್ಳೇದು?

ಉತ್ತರ: ಸುಗ್ಗಿ ಬಿಟ್ಟು ಯಾವಾಗಾದರೂ ಸರಿ. ಕರೆಂಟ್ ಮೇನ್ ಎಲ್ಲಿದೆ ಅಂತ ಬರೆದ ಬೋರ್ಡು ಗೇಟಿನಲ್ಲೇ ಹಾಕಿ. ಹೊಟ್ಟಿನ ಶೆಡ್ ಖಾಲಿ ಮಾಡಬೇಡಿ, ಸ್ವಲ್ಪ ಇರಲಿ. ನೇರ ಜೆಟ್ ಹೊಡೆದರೆ ಧೂಳು ಹೇಗೆ ಏಳುತ್ತೆ, ಆ ಧೂಳಿಗೆ ಕಿಡಿ ತಾಗಿದರೆ ಏನಾಗುತ್ತೆ, ಅದಕ್ಕೆ ಸ್ಪ್ರೇನೇ ಯಾಕೆ ಬೇಕು ಅಂತ ಬೆಂಕಿ ಹಚ್ಚದೆಯೇ ತೋರಿಸಬಹುದು. ಡ್ರಿಲ್ಲಿಗೆ ಠಾಣೆಯವರನ್ನ ಕರೆಯುವ ಪತ್ರದ ಕರಡು ನನಗೆ ಕಳಿಸಿ, ನೋಡಿ ಕೊಡ್ತೀನಿ.