ಮೀನಿನ ಹುರುಪೆಯಿಂದ ಕೊಲಾಜನ್ ಪುಡಿ ಮನೇಲೇ ಆಗುತ್ತಾ?

ಗೆಂಡೆಅಂಗಡಿ, ಮಂಡ್ಯ:
ನಮ್ದು ಮೀನಂಗಡಿ. ಕಾಟ್ಲಾ, ರೋಹು, ಜಿಲೇಬಿ ಮೀನು; ಭಾನುವಾರ ಮಾತ್ರ ಕರಾವಳಿಯಿಂದ ಐಸಲ್ಲಿ ಬರೋ ಸೀಗಡಿ. ಅವತ್ತು ಸಂಜೆಗೆ ಹುರುಪೆ, ಕರುಳು, ಸೀಗಡಿ ತಲೆ ಸೇರಿ ಎರಡು ಡ್ರಮ್ ತುಂಬ್ತವೆ. ಕಸ ಒಯ್ಯೋನು ಒಂದಿನ ತಪ್ಪಿಸಿದ್ರೆ ಬೀದಿಯವರೆಲ್ಲ ನನ್ನ ಮೇಲೆ ಬೀಳ್ತಾರೆ. ಮಗಳು ಮೊಬೈಲಲ್ಲಿ ಮೀನಿನ ಕೊಲಾಜನ್ ಅನ್ನೋ ಪ್ರೋಟೀನ್ ಪುಡಿ ಡಬ್ಬಿ ತೋರಿಸಿದ್ಲು, ರೇಟು ನೋಡಿ ತಲೆ ತಿರುಗ್ತು. ನಾನು ದಿನಾ ಡ್ರಮ್ಮಿಗೆ ಸುರಿಯೋದು ಇದನ್ನೇ ಅಲ್ವಾ?

ಹೋದ ವಾರ ಒಂದು ಕೆಜಿ ಹುರುಪೆ ತೊಳೆದು ಕುಕ್ಕರಲ್ಲಿ ಎಂಟು ವಿಶಲ್ ಕೂಗಿಸಿದೆ. ಅಂಟುನೀರು ಬಂತು, ಫ್ರಿಜ್ಜಲ್ಲಿ ಹೆಪ್ಪೂ ಕಟ್ತು. ಹೊರಗಿಟ್ಟು ಕಾಲು ಗಂಟೆಗೆ ಮತ್ತೆ ನೀರು. ವಾಸನೆಯಂತೂ ಕೇಳ್ಬೇಡಿ. ಆ ಕುಕ್ಕರ್ ಇನ್ನು ನೀನೇ ಇಟ್ಕೋ ಅಂತ ಅತ್ತೆ ಹೇಳಿಬಿಟ್ಟಿದ್ದಾರೆ. ಎಲ್ಲಿ ಎಡವಿದೆ?

ಒಂಟಿಕೊಪ್ಪಲ್ ತಾತ, ಮೈಸೂರು:
ಎಂಟು ವಿಶಲ್ಲೇ ಎಡವಟ್ಟು ತಾಯಿ. ಆಹಾರ ಲ್ಯಾಬಿನಲ್ಲಿ ಬೀಕರ್ ತೊಳೆಯೋದರಿಂದ ಶುರುಮಾಡಿ ನಿವೃತ್ತನಾದವನು ನಾನು. ಹುರುಪೆಯಲ್ಲಿ ಹೆಚ್ಚಾಗಿ ಇರೋದು ಎರಡೇ: ಸುಣ್ಣದಂಥ ಖನಿಜ, ಕೊಲಾಜನ್. ಮೊದಲು ತೆಳು ಆಮ್ಲದಲ್ಲಿ ನೆನೆಸಿ ಖನಿಜ ಇಳಿಸಬೇಕು. ಗರಗರ ಅನ್ನೋ ಹುರುಪೆ ಆಗ ಒದ್ದೆ ಕಾಗದದ ಹಾಗೆ ಬಾಗುತ್ತೆ. ಆಮೇಲೆ ಚೆನ್ನಾಗಿ ತೊಳೆದು 60-70 ಡಿಗ್ರಿ ನೀರಲ್ಲಿ ಕೆಲವು ಗಂಟೆ ಇಡಬೇಕು, ಕುದಿಸಬಾರದು. ಕೊಲಾಜನ್ ಬಿಸಿನೀರಲ್ಲಿ ಬಿಚ್ಚಿಕೊಂಡು ಜೆಲಟಿನ್ ಅನ್ನೋ ಅಂಟಾಗುತ್ತೆ; ಕುಕ್ಕರಿನ ಬಿಸಿಗೆ ಅದರ ಪ್ರೋಟೀನ್ ಸರಪಳಿ ತುಂಡಾಗಿ ಹೆಪ್ಪಿನ ಕಸುವು ಹೋಗುತ್ತೆ. ಅದೂ ಅಲ್ಲದೆ ಮೀನಿನ ಜೆಲಟಿನ್ ದನದ್ದಕ್ಕಿಂತ ಬೇಗ ಕರಗೋದು ಸಹಜ.

ಇಷ್ಟಾದ್ರೂ ಕೈಗೆ ಬರೋದು ಜೆಲಟಿನ್. ಡಬ್ಬಿಯಲ್ಲಿರೋದು ಅದನ್ನು ಕಿಣ್ವದಿಂದ ಇನ್ನೂ ಸಣ್ಣಗೆ ಕತ್ತರಿಸಿ, ಸೋಸಿ, ಒಣಗಿಸಿದ ಪೆಪ್ಟೈಡ್. ಅದು ಮನೆ ಒಲೆಯ ಕೆಲಸ ಅಲ್ಲ. ಆಹಾರ ಅಂತ ಮಾರೋದಾದ್ರೆ ಲೈಸೆನ್ಸೂ ಬೇಕು. ನಮ್ಮೂರ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಿಂದ ಚೆಲುವಾಂಬ ಅರಮನೆಯಲ್ಲೇ ಇದೆ, ತರಬೇತಿ ಕೊಡ್ತಾರೆ. ಸಾಲ ಮಾಡೋಕೆ ಮುಂಚೆ ಅಲ್ಲಿ ವಿಚಾರಿಸಿ.

ಸೀಗಡಿ ತಲೆ ಎಸೀಬೇಡಿ. ಬೂದು ಸೀಗಡಿ ಬೆಂದಾಗ ಕೆಂಪಾಗುತ್ತಲ್ಲ, ಅದು ಅಸ್ಟಾಕ್ಸಾಂಥಿನ್ ಅನ್ನೋ ಬಣ್ಣದ ಅಂಶ. ಹಸಿಯಲ್ಲಿ ಪ್ರೋಟೀನಿಗೆ ಅಂಟಿಕೊಂಡು ಬಣ್ಣ ಮರೆಸಿರುತ್ತೆ. ಅಡುಗೆ ಎಣ್ಣೆಯಲ್ಲಿ ಅದನ್ನು ಇಳಿಸೋ ಬಗ್ಗೆ ಇದೇ ಸಂಸ್ಥೆಯಲ್ಲಿ ಕೆಲಸ ನಡೆದಿದೆ. ಸಿಪ್ಪೆಯಿಂದ ಕೈಟಿನ್ ಅನ್ನೋ ಗಟ್ಟಿ ವಸ್ತು ಸಿಗುತ್ತೆ, ಅದರಿಂದ ಮಂಡಿನೋವಿಗೆ ಅಂತ ಮಾರೋ ಗ್ಲುಕೋಸಮೈನ್. ಆದ್ರೆ ತಲೆಯೊಳಗಿನ ಕಿಣ್ವಗಳು ಸುಮ್ನೆ ಕೂರಲ್ಲ, ಐಸ್ ಇಲ್ದಿದ್ರೆ ಕೆಲವೇ ಗಂಟೆಯಲ್ಲಿ ಕೊಳೀತದೆ.

ಮಾತ್ರೆಚೀಟಿ, ಮೈಸೂರು:
ಔಷಧಿ ಅಂಗಡಿಯವನ ಒಂದು ಮಾತು. ಸೀಗಡಿ ಅಲರ್ಜಿ ಇರೋರಿಗೆ ಇಂಥ ಪುಡಿಯಲ್ಲಿ ಚೂರು ಪ್ರೋಟೀನ್ ಉಳಿದ್ರೂ ಕಷ್ಟ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ವಾರ್ಫರಿನ್ ಮಾತ್ರೆ ನುಂಗೋರು ಗ್ಲುಕೋಸಮೈನ್ ಮುಟ್ಟೋ ಮುಂಚೆ ಡಾಕ್ಟರನ್ನ ಕೇಳಲಿ. ಇನ್ನೊಂದು, ಮಂಡಿನೋವಿಗೆ ಅಂತ ಯಾರಾದ್ರೂ ರೋಹು ಪಿತ್ತಕೋಶ ಕೇಳಿಕೊಂಡು ಬಂದ್ರೆ ದಯವಿಟ್ಟು ಕೊಡಬೇಡಿ. ಹಸಿಯಾಗೇ ನುಂಗಿ ಮೂತ್ರಪಿಂಡ ಕೈಕೊಟ್ಟವರಿದ್ದಾರೆ.

ಗೆಂಡೆಅಂಗಡಿ, ಮಂಡ್ಯ:
ಅಯ್ಯೋ, ಪಿತ್ತಕೋಶ ಕೇಳೋರು ಒಬ್ಬರು ನಿಜವಾಗ್ಲೂ ಬರ್ತಾ ಇದ್ರು! ಕೊಟ್ಟಿದೀನಿ ಕೂಡ. ಈ ಸಲ ಬಂದ್ರೆ ಬೈದು ಕಳಿಸ್ತೀನಿ.

ತಾತ, ಕರುಳಿಗೆ ಏನು ಮಾಡ್ಲಿ?

ಒಂಟಿಕೊಪ್ಪಲ್ ತಾತ, ಮೈಸೂರು:
ಅದು ಜನರ ತಟ್ಟೆಗೆ ಬೇಡ. ಅರೆದು ಬೆಲ್ಲ, ಮೊಸರು ಕಲಸಿ ಮುಚ್ಚಿಟ್ರೆ ಹುಳಿಬಂದು ತೆಳ್ಳಗಾಗುತ್ತೆ, ಹುಳಿ ಸರಿಯಾಗಿ ಹತ್ತಿದ್ರೆ ಕೊಳೆಯೋದು ನಿಲ್ಲುತ್ತೆ. ಸೈಲೇಜ್ ಅಂತಾರೆ, ಮೇವಿಗೆ ಹೋಗುತ್ತೆ. ಮಂಡ್ಯದಲ್ಲಿ ಬೆಲ್ಲಕ್ಕೇನು ಬರ?

ಗೆಂಡೆಅಂಗಡಿ, ಮಂಡ್ಯ:
ಇವತ್ತಿಂದ ಮೂರು ಬಕೆಟ್ಟು. ಹುರುಪೆ ಬಕೆಟ್ಟಿಗೆ ಮಗಳೇ ಚೀಟಿ ಅಂಟಿಸಿದಾಳೆ: "ಡಬ್ಬಿ". ಒಣಗಲಿ ಅಂತ ತಗಡಿನ ಮೇಲೆ ಹರಡಿದ್ದಕ್ಕೆ ಬೆಳಿಗ್ಗೆಯಿಂದ ಕಾಗೆ ಕಾಯೋದೇ ಕೆಲಸ ಆಗೈತೆ.